ಚೆನ್ನಾಗಿರುವ ದಿನವೂ ಹಚ್ಚಿಕೊ, ಪುಟ್ಟಿ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಫೋಟೋಗಳನ್ನು ನೋಡಿದೆ. ಮೊಣಕೈ ಮಡಿಕೆಯಲ್ಲಿ ಚರ್ಮ ದಪ್ಪಗಾಗಿ ಕಪ್ಪಿಟ್ಟಿದೆ. ಕುತ್ತಿಗೆಯ ಪಕ್ಕದಲ್ಲಿ ಉಗುರಿನ ಗೀರು ಹಾಗೇ ಕಾಣುತ್ತಿದೆ. ಕಾಲೇಜಿನ ದಿನಗಳಲ್ಲಿ ತಣ್ಣಗಿದ್ದ ಇಸುಬು ದೆಹಲಿಯ ಮೊದಲ ಚಳಿಗೇ ಎದ್ದು ಕೂತಿದೆ. "ಇಲ್ಲಿಗೆ ಬಂದಿದ್ದೇ ತಪ್ಪಾಯ್ತಾ ಅಪ್ಪಾ" ಅಂತ ಕೇಳಿದ್ದೀಯಲ್ಲ, ಅದನ್ನು ಓದಿ ನನಗೂ ಅಮ್ಮನಿಗೂ ಊಟ ಸೇರಲಿಲ್ಲ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಇಟ್ಟುಕೊಂಡಿರು, ಬೇಕಾದಾಗ ತೆಗೆದು ನೋಡಬಹುದು.

ನೀನು ಯಾವ ತಪ್ಪೂ ಮಾಡಿಲ್ಲ. ಇಸುಬು ಕೊಳಕಿನಿಂದ ಬರುವುದಿಲ್ಲ, ರಕ್ತ ಕೆಟ್ಟು ಬರುವುದೂ ಇಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಂತೂ ಇಲ್ಲವೇ ಇಲ್ಲ. ನಿನ್ನ ರೂಮಿನ ಹುಡುಗಿ ಟವೆಲ್ ದೂರ ಇಟ್ಟಳು ಅಂತ ಬೇಜಾರು ಮಾಡಿಕೊಂಡಿದ್ದೆ. ಅವಳನ್ನು ಕೂರಿಸಿಕೊಂಡು ಇಷ್ಟನ್ನು ಸಮಾಧಾನವಾಗಿ ಹೇಳು, ಅರ್ಥ ಮಾಡಿಕೊಳ್ಳುತ್ತಾಳೆ. ನನಗೆ ಉಬ್ಬಸ, ನಿನ್ನ ಸೋದರತ್ತೆಗೆ ವರ್ಷವಿಡೀ ಸೀನು, ನಿನಗೆ ಇಸುಬು. ಈ ಮೂರೂ ಒಂದೇ ಮನೆಯಲ್ಲಿ ಓಡಾಡುವ ಕಾಯಿಲೆಗಳು.

ಒಳಗೆ ಏನಾಗುತ್ತದೆ ಅಂತ ಗೊತ್ತಿದ್ದರೆ ದಿನದ ಆರೈಕೆ ಯಾಕೆ ಬೇಕು ಅನ್ನುವುದೂ ತಿಳಿಯುತ್ತದೆ. ಚರ್ಮದ ಮೇಲ್ಪದರದಲ್ಲಿ ಫಿಲಾಗ್ರಿನ್ ಅನ್ನುವ ಪ್ರೋಟೀನ್ ಇರುತ್ತದೆ. ಆ ಪದರ ಗಟ್ಟಿಯಾಗಿ ನಿಲ್ಲುವುದಕ್ಕೂ, ತೇವ ಹಿಡಿದಿಟ್ಟುಕೊಳ್ಳುವುದಕ್ಕೂ ಅದು ಬೇಕು. ಅದರ ಜೀನಿನಲ್ಲಿ ದೋಷ ಇರುವವರಿಗೆ ಇಸುಬು ಬರುವ ಸಾಧ್ಯತೆ ಜಾಸ್ತಿ ಅಂತ 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ವಿಜ್ಞಾನಿಗಳಿದ್ದ ತಂಡ ತೋರಿಸಿಕೊಟ್ಟಿತು. ಎಲ್ಲರಿಗೂ ಅದೇ ಕಾರಣ ಇರುವುದಿಲ್ಲ. ಆದರೆ ಚರ್ಮದ ಪಾಡು ಮಾತ್ರ ಎಲ್ಲರಲ್ಲೂ ಒಂದೇ. ಒಳಗಿನ ತೇವ ಆರಿಹೋಗುತ್ತದೆ. ಹೊರಗಿನ ಸೋಪು, ಧೂಳು, ಬೆವರು ಒಳಗೆ ಇಳಿದು ಕೆರಳಿಸುತ್ತವೆ. ನವೆ ಶುರುವಾಗುತ್ತದೆ. ಕೆರೆದರೆ ಚರ್ಮ ಇನ್ನಷ್ಟು ಒಡೆಯುತ್ತದೆ, ಒಡೆದಲ್ಲಿ ಮತ್ತೆ ನವೆ. ನಮ್ಮ ಮಲೆನಾಡಿನ ಗಾಳಿಯಲ್ಲಿ ತೇವ ತುಂಬಿರುತ್ತದೆ. ಅಲ್ಲಿ ಡಿಸೆಂಬರ್ ಜನವರಿಯ ಚಳಿ, ಅದರ ಮೇಲೆ ರೂಮಿನ ಹೀಟರು. ಚರ್ಮ ತಡೆದುಕೊಳ್ಳುವುದಾದರೂ ಹೇಗೆ?

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತು. ನೀನು ತೋಟ ನೋಡಿ ಬೆಳೆದವಳು. ಅಡಿಕೆಗೆ ಮೈಲುತುತ್ತು ಸುಣ್ಣದ ಔಷಧಿ ಯಾವಾಗ ಹೊಡೆಸುತ್ತೇವೆ? ಮಳೆಗಾಲ ಹಿಡಿಯುವುದಕ್ಕೆ ಮೊದಲೇ, ಕಾಯಿ ಹಸಿರಾಗಿ ಚೆನ್ನಾಗಿರುವಾಗಲೇ. ಮತ್ತೆ ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಕೊಳೆರೋಗ ಬಂದು ಕಾಯಿ ಉದುರಲಿ, ಆಮೇಲೆ ನೋಡೋಣ ಅಂತ ಯಾರೂ ಕೂರುವುದಿಲ್ಲ. ನಿನ್ನ ಚರ್ಮಕ್ಕೂ ಅಷ್ಟೇ. ನವೆ ಬಂದ ದಿನ ಹಚ್ಚಿ, ಹೋದ ದಿನ ಬಿಟ್ಟರೆ ಉಪಯೋಗವಿಲ್ಲ. ಚರ್ಮ ಮೆತ್ತಗೆ ಚೆನ್ನಾಗಿ ಕಾಣುವ ದಿನವೂ ಎರಡು ಹೊತ್ತು ಮಾಯಿಶ್ಚರೈಸರ್ ಬೀಳಲೇಬೇಕು. ಅದೇ ನಿನ್ನ ನಿಜವಾದ ಔಷಧಿ, ಉಳಿದವೆಲ್ಲ ಅದರ ಹಿಂದೆ ಬರುವಂಥವು.

ಎಷ್ಟು ಹಚ್ಚಬೇಕು ಅನ್ನುವುದರಲ್ಲೇ ಎಲ್ಲರೂ ಎಡವುತ್ತಾರೆ. 50 ಗ್ರಾಂ ಟ್ಯೂಬು ಒಂದು ತಿಂಗಳು ಬಂತು ಅಂತ ಬರೆದಿದ್ದೀಯ. ಬ್ರಿಟನ್ನಿನ ವೈದ್ಯರ ಮಾರ್ಗಸೂಚಿ ಇಸುಬಿನ ಮಕ್ಕಳಿಗೇ ವಾರಕ್ಕೆ 250ರಿಂದ 500 ಗ್ರಾಂ ಮಾಯಿಶ್ಚರೈಸರ್ ಕೊಡಿ ಅನ್ನುತ್ತದೆ. ಅಲ್ಲಿಗೆ ನೋಡು, ನೀನು ಹಚ್ಚಿದ್ದು ಏನೇನೂ ಅಲ್ಲ. ದುಬಾರಿ ಡಬ್ಬಿ ಬೇಡ. ಪರಿಮಳ ಇಲ್ಲದ್ದು, ಗಟ್ಟಿಯಾಗಿರುವುದು, ದೊಡ್ಡ ಡಬ್ಬಿಯಲ್ಲಿ ಸಿಗುವುದು ತಗೋ. ನೀರು ನೀರಾದ ಲೋಷನ್ ಚಳಿಗಾಲಕ್ಕೆ ಸಾಲದು. ಬಿಳಿ ಪೆಟ್ರೋಲಿಯಂ ಜೆಲ್ಲಿ ಅಗ್ಗವಾಗಿ ಸಿಗುತ್ತದೆ, ತೇವ ಹಿಡಿದಿಡುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಅಂಟು ಅಂಟು ಅನಿಸಿದರೆ ಹಗಲು ಕ್ರೀಮು, ರಾತ್ರಿ ಜೆಲ್ಲಿ ಮಾಡಿಕೊ. ಬೆರಳು ಅದ್ದಿ ತೆಗೆಯಬೇಡ, ಒಂದು ಶುದ್ಧ ಚಮಚ ಇಟ್ಟುಕೊ, ಇಲ್ಲದಿದ್ದರೆ ಕೈಯ ಬ್ಯಾಕ್ಟೀರಿಯಾ ಡಬ್ಬಿಗೆ ಸೇರುತ್ತದೆ. ತೆಗೆದಿದ್ದನ್ನು ತೋಳಿನ ಉದ್ದಕ್ಕೂ ಚುಕ್ಕಿ ಚುಕ್ಕಿಯಾಗಿ ಇಟ್ಟು, ಕೂದಲು ಮಲಗುವ ದಿಕ್ಕಿಗೆ ಮೆಲ್ಲಗೆ ಕೆಳಗೆ ಸವರು. ಗಸಗಸ ತಿಕ್ಕಬೇಡ, ತಿಕ್ಕಿದರೆ ನವೆ ಏಳುತ್ತದೆ.

ತೆಂಗಿನೆಣ್ಣೆ ಹಚ್ಚಲಾ ಅಂತ ಅಮ್ಮನನ್ನು ಕೇಳಿದೆಯಂತೆ. ಹಚ್ಚಬಹುದು. ಫಿಲಿಪ್ಪೀನ್ಸಿನಲ್ಲಿ ಇಸುಬಿನ ಮಕ್ಕಳಿಗೆ ಹಚ್ಚಿ ನೋಡಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅದರಲ್ಲಿ ಮಿನರಲ್ ಆಯಿಲ್, ಅಂದರೆ ಪೆಟ್ರೋಲಿಯಂನಿಂದ ತೆಗೆದ ಎಣ್ಣೆಗಿಂತ ತೆಂಗಿನೆಣ್ಣೆಯೇ ಮೇಲಾಗಿತ್ತು. ಆದರೆ ಗಟ್ಟಿ ಮುಲಾಮಿನ ಜಾಗಕ್ಕೆ ಅದೊಂದೇ ಸಾಲುವುದಿಲ್ಲ. ದೆಹಲಿಯವರು ಚಳಿಗಾಲದಲ್ಲಿ ಮೈಗೆ ಹಚ್ಚುವ ಸಾಸಿವೆ ಎಣ್ಣೆ ಮಾತ್ರ ಬೇಡ, ಕೆರಳಿಸುತ್ತದೆ. ಆಲಿವ್ ಎಣ್ಣೆಯೂ ಬೇಡ. ಬೇವಿನ ಸೊಪ್ಪಿನ ನೀರು, ಅರಿಶಿನ, ನಿಂಬೆರಸ, ಬಕೆಟ್ಟಿಗೆ ಆ್ಯಂಟಿಸೆಪ್ಟಿಕ್ ಹಾಕಿಕೊಳ್ಳುವುದು, ಇವನ್ನೆಲ್ಲ ಪ್ರೀತಿಯಿಂದ ಹೇಳುವವರು ಸಿಗುತ್ತಾರೆ. ಒಡೆದ ಚರ್ಮದ ಮೇಲೆ ಇವುಗಳಲ್ಲಿ ಯಾವುದನ್ನೂ ಹಾಕಿಕೊಳ್ಳಬೇಡ.

ಸ್ನಾನದ ವಿಷಯ. ಬಿಸಿ ಬಿಸಿ ಹಂಡೆ ನೀರು ಸುರಿದುಕೊಂಡೇ ಬೆಳೆದವರು ನಾವು. ನವೆ ಇರುವ ಜಾಗಕ್ಕೆ ಸುಡುನೀರು ಬಿದ್ದರೆ ಆ ಗಳಿಗೆ ಹಾಯೆನಿಸುತ್ತದೆ, ನಿಜ. ಅರ್ಧ ಗಂಟೆಗೆ ಎರಡು ಪಟ್ಟು ಕೆರೆತ. ಗೀಸರ್ ನೀರಿಗೆ ತಣ್ಣೀರು ಬೆರೆಸಿ, ಉಗುರುಬೆಚ್ಚಗೆ ಮಾಡಿಕೊ. ಐದರಿಂದ ಹತ್ತು ನಿಮಿಷ ಸಾಕು. ಚರ್ಮದ ಗುಣ ಸ್ವಲ್ಪ ಹುಳಿ, ಅದರ ಪಿಎಚ್ 5ರ ಆಸುಪಾಸು. ಸಾಮಾನ್ಯ ಸೋಪಿನದು 9 ಅಥವಾ 10, ಅಂದರೆ ಕ್ಷಾರ, ಚರ್ಮದ ಆ ಹುಳಿ ಗುಣವನ್ನು ಕೆಡಿಸುತ್ತದೆ. ಅದಕ್ಕೇ ಡಾಕ್ಟರುಗಳು ಸೋಪಿನಂಶ ಇಲ್ಲದ ಸಿಂಡೆಟ್ ಬಾರ್ ಬಳಸಿ ಅನ್ನುವುದು. ಅದನ್ನೂ ಕಂಕುಳು, ತೊಡೆಸಂದು, ಪಾದಕ್ಕಷ್ಟೇ ಹಚ್ಚಿದರೆ ಸಾಕು. ಮೈಯುಜ್ಜುವ ನಾರು ಬೇಡವೇ ಬೇಡ. ಟವೆಲಿನಿಂದ ಒತ್ತಿ ಒತ್ತಿ ಒರೆಸಿಕೊ, ಮೈ ಇನ್ನೂ ಸ್ವಲ್ಪ ಹಸಿ ಇರುವಾಗಲೇ, ಮೂರು ನಿಮಿಷದೊಳಗೆ, ಮಾಯಿಶ್ಚರೈಸರ್ ಹಚ್ಚಿಬಿಡು. ಬಟ್ಟೆ ಹಾಕಿಕೊಂಡು, ತಲೆ ಬಾಚಿ, ಆಮೇಲೆ ಹಚ್ಚುತ್ತೇನೆ ಅಂದರೆ ತೇವ ಅಷ್ಟರಲ್ಲಿ ಆರಿಹೋಗಿರುತ್ತದೆ. ಡಬ್ಬಿಯನ್ನು ಬಚ್ಚಲಲ್ಲೇ ಇಡು.

ಸ್ಟೀರಾಯ್ಡ್, ಅಂದರೆ ಚರ್ಮದ ಉರಿಯೂತ ತಗ್ಗಿಸುವ ಮುಲಾಮು, ಅದರ ಬಗ್ಗೆ ನಿನಗಿರುವ ಭಯ ನನಗೆ ಗೊತ್ತು. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ, ಬೆರೆಸಬೇಡ. ಮೆಡಿಕಲ್ ಶಾಪಿಗೆ ಹೋಗಿ ತುರಿಕೆ ಅಂದರೆ ಸಾಕು, ಒಂದು ಟ್ಯೂಬು ಕೈಗೆ ಬರುತ್ತದೆ. ಎಷ್ಟೋ ಸಲ ಅದರಲ್ಲಿ ಭಾರೀ ಬಲದ ಸ್ಟೀರಾಯ್ಡ್, ಶಿಲೀಂಧ್ರದ ಔಷಧಿ, ಆ್ಯಂಟಿಬಯಾಟಿಕ್, ಮೂರೂ ಕಲಸಿರುತ್ತವೆ. ಹುಳುಕಡ್ಡಿಗೆ ಅದನ್ನು ಹಚ್ಚಿದರೆ ಎರಡು ದಿನ ನವೆ ನಿಂತು, ಆಮೇಲೆ ಊರಗಲ ಹರಡುತ್ತದೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ನಿಲ್ಲಿಸಿದ ಕೂಡಲೇ ಉರಿ ಕೆಂಪು ಏಳುತ್ತದೆ. ಇಂಥ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ತಂದಿದೆ. ಆದರೂ ಸಿಗುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ. ಒಂದು ಟ್ಯೂಬಿನ ಲಾಭಕ್ಕೆ ಎಳೆ ಹುಡುಗಿಯರ ಮುಖ ಹಾಳಾಗುತ್ತಿದೆ.

ಚರ್ಮದ ಡಾಕ್ಟರು ನೋಡಿ, ಇಂಥ ಜಾಗಕ್ಕೆ, ಇಷ್ಟು ಬಲದ್ದು, ಇಷ್ಟು ದಿನ ಅಂತ ಬರೆದುಕೊಡುವುದು ಬೇರೆ. ಅದಕ್ಕೆ ಹೆದರಿ ಚೂರೇ ಚೂರು ಹಚ್ಚಿ, ಎರಡು ದಿನಕ್ಕೆ ಬಿಟ್ಟರೆ ಇಸುಬು ಆರುವುದೇ ಇಲ್ಲ. ಅಳತೆ ಸುಲಭ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಉದ್ದಕ್ಕೆ ಹಿಂಡು. ಅದು ಸುಮಾರು ಅರ್ಧ ಗ್ರಾಂ. ನಿನ್ನ ಎರಡು ಅಂಗೈ ಬೆರಳು ಸಮೇತ ಎಷ್ಟು ಅಗಲವೋ ಅಷ್ಟು ಜಾಗಕ್ಕೆ ಅದು ಸಾಕು. ಮಾಯಿಶ್ಚರೈಸರಿಗೂ ಇದಕ್ಕೂ ನಡುವೆ ಅರ್ಧ ಗಂಟೆ ಬಿಡು. ಮುಖ, ಕುತ್ತಿಗೆಗೆ ಕಡಿಮೆ ಬಲದ್ದನ್ನೇ ಕೊಡುತ್ತಾರೆ, ಕೈಗೆ ಕೊಟ್ಟದ್ದನ್ನು ಅಲ್ಲಿಗೆ ಹಚ್ಚಬೇಡ. ರೆಪ್ಪೆಯ ಸುತ್ತ ಅಂತೂ ಕೇಳದೆ ಏನೂ ಬೇಡ. ಅಂಥ ಜಾಗಕ್ಕೆ ಸ್ಟೀರಾಯ್ಡ್ ಇಲ್ಲದ ಟ್ಯಾಕ್ರೊಲಿಮಸ್ ಮುಲಾಮು ಬರೆಯುವುದೂ ಉಂಟು. ಮೊದಲ ಕೆಲವು ದಿನ ಅದು ಉರಿಯುತ್ತದೆ, ಗಾಬರಿಯಾಗಿ ಬಿಡಬೇಡ. ಮತ್ತೆ ಮತ್ತೆ ಏಳುವ ಜಾಗಕ್ಕೆ, ಆರಿದ ಮೇಲೂ ಡಾಕ್ಟರು ಬರೆದ ಮುಲಾಮನ್ನು ವಾರಕ್ಕೆ ಎರಡು ದಿನ ಹಚ್ಚಿ ಅಂತ ಕೆಲವರಿಗೆ ಹೇಳುತ್ತಾರೆ. ನಿನಗೆ ಅದು ಬೇಕಾ ಅಂತ ಕೇಳಿ ನೋಡು.

ಕಪ್ಪು ಕಲೆಯ ಚಿಂತೆ ಬಿಡು. ಇಸುಬಿನ ಪುಸ್ತಕಗಳಲ್ಲಿ ಕೆಂಪು ಕೆಂಪು ಚಿತ್ರಗಳಿರುತ್ತವೆ, ನಮ್ಮ ಬಣ್ಣದ ಮೈಯಲ್ಲಿ ಅದು ಬೂದು, ನೇರಳೆ ಅಥವಾ ಗಾಢ ಕಂದಾಗಿಯೇ ಕಾಣುವುದು ಜಾಸ್ತಿ. ಆರಿದ ಮೇಲೆ ಕೆಲವು ಕಡೆ ಕಪ್ಪು, ಕೆಲವು ಕಡೆ ತಿಳಿ ಬಣ್ಣ ಉಳಿಯುತ್ತದೆ. ಆ ತಿಳಿ ಬಣ್ಣ ನೋಡಿ ತೊನ್ನು ಅಂತ ಯಾರಾದರೂ ಹೆದರಿಸಿಯಾರು. ಹೆದರಬೇಡ. ಕೆರೆತ ನಿಂತರೆ ತಿಂಗಳುಗಳಲ್ಲಿ ತಾನಾಗಿ ಮೈಬಣ್ಣಕ್ಕೆ ಸೇರುತ್ತದೆ. ಬಿಳಿ ಮಾಡುವ ಕ್ರೀಮುಗಳ ಹತ್ತಿರವೂ ಹೋಗಬೇಡ.

ಊಟದ ಬಗ್ಗೆ ಅಜ್ಜಿಯ ಪಟ್ಟಿ ನಿನಗೆ ಬಾಯಿಪಾಠ. ಬದನೆಕಾಯಿ ನಂಜು, ಮೀನು ನಂಜು. ಅವರದು ಕಾಳಜಿ, ಎದುರು ಮಾತಾಡಬೇಡ. ಆದರೆ ದೊಡ್ಡವರಿಗೆ ಊಟದಿಂದ ಇಸುಬು ಏಳುವುದು ಅಪರೂಪ. ಒಂದೊಂದೇ ಬಿಡುತ್ತಾ ಹೋದರೆ ಕೊನೆಗೆ ಅನ್ನ ತಿಳಿಸಾರೇ ಗತಿ. ಯಾವುದಾದರೂ ತಿಂದಾಗಲೆಲ್ಲ ಏಳುತ್ತಿದೆ ಅನಿಸಿದರೆ ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸು. ಅಲ್ಲಿಯತನಕ ಎಲ್ಲ ತಿನ್ನು.

ಅಡುಗೆಮನೆಯಲ್ಲಿ ಜೋಪಾನ ಬೇಕಾದ್ದು ಕೈಗಳಿಗೆ. ಪಾತ್ರೆ ತೊಳೆಯುವ ಸೋಪು, ಬೆಳ್ಳುಳ್ಳಿ, ಟೊಮೇಟೊ ರಸ ಒಡೆದ ಬೆರಳಿಗೆ ಆಗಿಬರುವುದಿಲ್ಲ. ಒಳಗೊಂದು ತೆಳ್ಳನೆ ಹತ್ತಿ ಗ್ಲೌಸ್, ಮೇಲೆ ರಬ್ಬರಿನದು ಹಾಕಿಕೊ. ಇನ್ನೊಂದು ಎಚ್ಚರ ಬಹಳ ಮುಖ್ಯ. ಜೆಲ್ಲಿ, ಮುಲಾಮು ಮೆತ್ತಿಕೊಂಡ ಬಟ್ಟೆಗೆ ಬೆಂಕಿ ಬಲು ಬೇಗ ಹತ್ತಿಕೊಳ್ಳುತ್ತದೆ, ಒಗೆದರೂ ಅಂಶ ಪೂರ್ತಿ ಹೋಗುವುದಿಲ್ಲ. ಆ ದುಪಟ್ಟಾ, ತುಂಬುತೋಳಿನ ನೈಟಿ ಹಾಕಿಕೊಂಡು ಒಲೆಯ ಮುಂದೆ, ದೀಪದ ಮುಂದೆ, ಹೀಟರಿನ ಪಕ್ಕ ನಿಲ್ಲಬೇಡ.

ಸ್ವೆಟರ್ ಒಳಗೆ ಹತ್ತಿಯ ತುಂಬುತೋಳು ಇರಲಿ, ಉಣ್ಣೆ ಮೈಗೆ ತಾಗಬಾರದು. ಉಗುರು ಗಿಡ್ಡ ಇಡು. ರಾತ್ರಿ ನವೆ ತಡೆಯಲಾಗದಿದ್ದರೆ ಕೆರೆಯುವ ಬದಲು ತಣ್ಣನೆ ಒದ್ದೆ ಬಟ್ಟೆ ಒತ್ತಿಹಿಡಿದು, ಮೇಲೆ ಇನ್ನೊಂದು ಪದರ ಮಾಯಿಶ್ಚರೈಸರ್ ಹಚ್ಚು.

ನೀರು ಸೋರಿ, ಹಳದಿ ಹಕ್ಕಳೆ ಕಟ್ಟಿ, ಬಿಸಿಯಾಗಿ ನೋಯತೊಡಗಿದರೆ ಸೋಂಕು ತಗುಲಿದೆ ಅಂತ ಲೆಕ್ಕ, ತಡ ಮಾಡದೆ ತೋರಿಸು. ಇದ್ದಕ್ಕಿದ್ದಂತೆ ಒಂದೇ ಅಳತೆಯ ಸಣ್ಣ ಸಣ್ಣ ಗುಳ್ಳೆ ಗುಂಪಾಗಿ ಎದ್ದು, ತೂತು ಬಿದ್ದಂಥ ಹುಣ್ಣಾಗಿ, ನೋವು ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡ. ಅದು ಹರ್ಪಿಸ್ ವೈರಸ್ ಇರಬಹುದು. ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗು, ನಮಗೂ ಫೋನ್ ಮಾಡು.

ಈಗ ಅಷ್ಟೇನೂ ಇಲ್ಲ, ಆದರೂ ಒಂದು ಸಲ ತೋರಿಸಲೇಬೇಕು. ಏಮ್ಸ್‌ನಲ್ಲೂ ಸಫ್ದರ್‌ಜಂಗ್‌ನಲ್ಲೂ ಚರ್ಮರೋಗ ವಿಭಾಗ ಇದೆ. ಇಲ್ಲಿಯವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದದ್ದನ್ನೂ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗು. ನನ್ನ ಉಬ್ಬಸದ ವಿಷಯವನ್ನೂ ಹೇಳು.

ಅಮ್ಮ ಎರಡು ಹತ್ತಿಯ ತುಂಬುತೋಳಿನ ಬನಿಯನ್ನು, ಚಕ್ಕುಲಿ, ಒಂದು ಬಾಟಲಿ ಮನೆಯ ತೆಂಗಿನೆಣ್ಣೆ ಕಟ್ಟಿದ್ದಾಳೆ. ನಾಳೆ ಪಾರ್ಸೆಲ್ ಹಾಕುತ್ತೇನೆ. ಬುಧವಾರ ಸಂಜೆ ಫೋನ್ ಮಾಡುತ್ತೇನೆ, ಡಾಕ್ಟರ ಅಪಾಯಿಂಟ್‌ಮೆಂಟ್ ಯಾವತ್ತು ಸಿಕ್ಕಿತು ಅಂತ ಆಗ ಹೇಳು. ನೀನು ಬಾ ಅಂದರೆ ಆ ದಿನಕ್ಕೆ ನಾನೇ ಬರುತ್ತೇನೆ. ಅಡಿಕೆ ಕೊಯ್ಲನ್ನು ನಿನ್ನ ಚಿಕ್ಕಪ್ಪ ನೋಡಿಕೊಳ್ಳುತ್ತಾನೆ.

ನಿನ್ನ
ಅಪ್ಪ