ಆ ಬಾಟಲಿಯಲ್ಲಿ ಸ್ಟಿರಾಯ್ಡ್ ಇದೆಯೆಂದು ನನಗೆ ಗೊತ್ತಿರಲಿಲ್ಲ

ಮಾನ್ಯ ಸಂಪಾದಕರೇ,

ನನ್ನ ಮಗನಿಗೆ 21 ವರ್ಷ. ಕಬಡ್ಡಿ ಅಂದರೆ ಜೀವ. ಎರಡೂ ಕಣ್ಣಿಗೆ ಮೈನಸ್ ನಾಲ್ಕು ಪವರ್ ಇತ್ತು. ಕನ್ನಡಕ ತೆಗೆದು ಅಂಕಣಕ್ಕೆ ಇಳಿದರೆ ಎದುರಿನವನ ಕೈ ಎಲ್ಲಿದೆ ಅಂತಲೇ ಕಾಣಲ್ಲ ಎನ್ನುತ್ತಿದ್ದ. ಹೋದ ನವೆಂಬರ್‌ನಲ್ಲಿ ಲೇಸಿಕ್, ಅಂದರೆ ಕನ್ನಡಕ ಬಿಡಿಸುವ ಲೇಸರ್ ಆಪರೇಷನ್, ಮಾಡಿಸಿದೆವು. ಮಾರನೇ ದಿನವೇ ಮಂಚದಲ್ಲಿ ಕೂತು ಗೋಡೆಯ ಕ್ಯಾಲೆಂಡರ್ ಓದಿದ. ಖುಷಿಗೆ ನನಗೆ ಅಳು ಬಂತು.

ಎರಡು ವಾರಕ್ಕೆ ಭತ್ತದ ಒಕ್ಕಣೆ. ಬೇಡ ಅಂದರೂ ಮಿಷನ್ ಹತ್ತಿರ ನಿಂತ. ನಾಲ್ಕನೇ ದಿನ ಬಲಗಣ್ಣು ಕೆಂಪಾಯಿತು. ಆಪರೇಷನ್ ಆದಾಗ ಕೊಟ್ಟಿದ್ದ ಡ್ರಾಪ್ಸ್ ಅರ್ಧ ಉಳಿದಿತ್ತು, ಅದನ್ನೇ ಹಾಕಿದೆ. ಎರಡು ದಿನ ಕೆಂಪು ಇಳಿಯಿತು. ಸದ್ಯ ಅಂದುಕೊಂಡೆ. ಬಾಟಲಿ ಮುಗಿದಾಗ ಮೆಡಿಕಲ್ ಸ್ಟೋರ್‌ನಲ್ಲಿ ಖಾಲಿ ಬಾಟಲಿ ತೋರಿಸಿದೆ. ಚೀಟಿ ಕೇಳದೆ ಇನ್ನೊಂದು ಕೊಟ್ಟರು.

ಆಮೇಲೆ ಕರಿಗುಡ್ಡೆಯ ಮೇಲೆ ಬೆಳ್ಳಗೆ ಚುಕ್ಕಿ ಕಂಡಿತು. ಬೆಳಕು ನೋಡಲಾರದೆ ಟವೆಲ್ ಮುಚ್ಚಿಕೊಂಡು ಮಲಗುತ್ತಿದ್ದ. ಬೇರೆ ಕಣ್ಣಾಸ್ಪತ್ರೆಗೆ ಓಡಿದೆವು. ಲೇಸಿಕ್‌ನಲ್ಲಿ ಕೊಯ್ದ ತೆಳು ಪದರ ಎತ್ತಿ, ಒಳಗಿಂದ ಚೂರು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿ, ಫಂಗಸ್, ಅಂದರೆ ಬೂಷ್ಟಿನ ಸೋಂಕು, ಅಂದರು. ಲೇಸಿಕ್ ಆದವರಿಗೆ ಇದು ಬರುವುದು ಅಪರೂಪವಂತೆ. ಆದರೆ ನಮ್ಮ ದಕ್ಷಿಣದ ಕಡೆ ಕರಿಗುಡ್ಡೆಯ ಹುಣ್ಣುಗಳಲ್ಲಿ ದೊಡ್ಡ ಪಾಲು ಫಂಗಸ್‌ನಿಂದಲೇ ಆಗುತ್ತದೆ. ಹೊಲಗದ್ದೆಯ ಕಸ, ದೂಳಿನಲ್ಲಿ ಅದು ಇರುತ್ತದೆ. ನಾನು ಹಾಕಿದ ಡ್ರಾಪ್ಸ್ ಸ್ಟಿರಾಯ್ಡ್. ಅದು ಕೆಂಪನ್ನು ಇಳಿಸುತ್ತದೆ, ಆದರೆ ಫಂಗಸ್ ಬೆಳೆಯಲು ಬಿಡುತ್ತದೆ. ಇದನ್ನು ಕೇಳಿದಾಗ ನನ್ನ ಕೈಕಾಲು ತಣ್ಣಗಾದವು.

ಫಂಗಸ್ ಕೊಲ್ಲುವ ನಾಟಮೈಸಿನ್ ಡ್ರಾಪ್ಸ್ ಬರೆದರು. ಹಾಲಿನ ಹಾಗೆ ಬೆಳ್ಳಗಿರುತ್ತದೆ, ಕುಲುಕಿ ಹಾಕಬೇಕು. ಮೊದಲ ದಿನಗಳಲ್ಲಿ ಹಗಲು ರಾತ್ರಿ ಗಂಟೆಗೊಮ್ಮೆ. ನಾನು, ನನ್ನ ಮನೆಯವರು ಅಲಾರಂ ಇಟ್ಟು ಸರದಿ ಮೇಲೆ ಎದ್ದೆವು. ಇದಕ್ಕಿಂತ ದುಬಾರಿ ಔಷಧಿ ಇದ್ದರೆ ಬರೆಯಿರಿ ಸಾರ್, ಬಳೆ ಅಡ ಇಟ್ಟಾದರೂ ತರುತ್ತೇನೆ ಅಂದೆ. ದುಬಾರಿಯ ವೊರಿಕೊನಜೋಲ್ ಡ್ರಾಪ್ಸ್‌ಗಿಂತ ಇದೇ ಮೇಲು, ಮದುರೈನ ಅರವಿಂದ ಕಣ್ಣಾಸ್ಪತ್ರೆಯೂ ಸೇರಿ ನಡೆಸಿದ ಅಧ್ಯಯನ 2013ರಲ್ಲೇ ತೋರಿಸಿದೆಯಮ್ಮ ಎಂದು ಡಾಕ್ಟರ್ ಸಮಾಧಾನ ಮಾಡಿದರು. ಎರಡು ತಿಂಗಳಿಗೆ ಹುಣ್ಣು ಒಣಗಿತು. ಕಲೆ ಉಳಿಯಿತು. ಆ ಕಣ್ಣಿಗೆ ಈಗಲೂ ಮಂಜು ಮಂಜು.

ತಪ್ಪು ನನ್ನದೂ ಇದೆ. ಆದರೆ ನಮಗೆ ಕೊಟ್ಟ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ಡ್ರಾಪ್ಸ್ ಒಂದು ವಾರ ಮಾತ್ರ ಎಂದು ಅದರಲ್ಲಿ ಬರೆದಿದ್ದು ನನಗೆ ತಿಳಿದದ್ದು ಎಲ್ಲಾ ಆದ ಮೇಲೆ. ಕಣ್ಣಿನ ಆಪರೇಷನ್ ಮಾಡುವ ಆಸ್ಪತ್ರೆಗಳು ಕನ್ನಡದಲ್ಲಿ ಒಂದು ಹಾಳೆ ಕೊಡಲಿ. ಯಾವ ಬಾಟಲಿಯಲ್ಲಿ ಸ್ಟಿರಾಯ್ಡ್ ಇದೆ, ಯಾವ ತಾರೀಖಿಗೆ ನಿಲ್ಲಿಸಬೇಕು, ಕಣ್ಣು ಮತ್ತೆ ಕೆಂಪಾದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಇಷ್ಟು ದಪ್ಪ ಅಕ್ಷರದಲ್ಲಿ ಇರಲಿ. ಚೀಟಿ ಇಲ್ಲದೆ ಸ್ಟಿರಾಯ್ಡ್ ಡ್ರಾಪ್ಸ್ ಮಾರುವುದನ್ನು ಆರೋಗ್ಯ ಇಲಾಖೆ ತಡೆಯಲಿ. ಮನೆಯಲ್ಲಿ ಯಾರದೋ ಆಪರೇಷನ್ನಿನ ಹಳೇ ಬಾಟಲಿ ಇಟ್ಟುಕೊಂಡಿರುವ ಅಕ್ಕ ತಂಗಿಯರೇ, ದಯವಿಟ್ಟು ಅದನ್ನು ಇವತ್ತೇ ಎಸೆಯಿರಿ.

– ಒಬ್ಬ ತಾಯಿ, ಮದ್ದೂರು ತಾಲ್ಲೂಕು