ಗೀರು ಬಿದ್ದ ಕಾರ್ಬನ್ ಚಕ್ರ: ಇನ್ನು ಕೌಂಟರ್‌ನಲ್ಲೇ ನೋಡಿ 'ಪರವಾಗಿಲ್ಲ' ಅನ್ನುವುದಿಲ್ಲ

ಪ್ರಿಯ ಗ್ರಾಹಕರೇ,

ಮುಂದಿನ ಸೋಮವಾರದಿಂದ ನಮ್ಮ ಸೈಕಲ್ ಅಂಗಡಿಯಲ್ಲಿ ಒಂದು ಬದಲಾವಣೆ. ಎಲ್ಲಾದರೂ ಉಜ್ಜಿಕೊಂಡು ಗೀರಾದ ಕಾರ್ಬನ್ ಚಕ್ರ ತಂದರೆ ಇಷ್ಟು ದಿನ ಕೌಂಟರ್ ಹತ್ತಿರವೇ ತಿರುಗಿಸಿ ನೋಡಿ "ಪರವಾಗಿಲ್ಲ, ಓಡಿಸಿ" ಅಂತಲೋ "ಬೇಡ" ಅಂತಲೋ ಹೇಳುತ್ತಿದ್ದೆವು. ಇನ್ನು ಹಾಗೆ ಹೇಳುವುದಿಲ್ಲ. ಚಕ್ರವನ್ನು ಎರಡು ದಿನ ನಮ್ಮಲ್ಲಿ ಬಿಡಬೇಕು. ಟೈರ್ ಮತ್ತು ರಿಮ್ ಒಳಗೆ ಸ್ಪೋಕ್ ತೂತು ಮುಚ್ಚುವ ಟೇಪ್ ಬಿಚ್ಚಿ ನೋಡಿ, ಕಂಡದ್ದನ್ನು ಫೋಟೊ ಜೊತೆ ಬರೆದು ಕೊಡುತ್ತೇವೆ. ಇದಕ್ಕೆ 400 ರೂಪಾಯಿ. ವಾಟ್ಸಾಪ್‌ನಲ್ಲಿ ಫೋಟೊ ನೋಡಿ ಹೇಳುವುದನ್ನೂ ನಿಲ್ಲಿಸಿದ್ದೇವೆ.

ಯಾಕೆ ಅಂತ ನಿಮಗೆ ಹೇಳಲೇಬೇಕು.

ಹೋದ ಮಳೆಗಾಲ ಮುಗಿದ ಮೇಲೆ ಒಬ್ಬರು ಹಿಂದಿನ ಚಕ್ರ ತಂದಿದ್ದರು. ಮುಳ್ಳಯ್ಯನಗಿರಿ ಇಳಿಯುವಾಗ ತಿರುವಿನಲ್ಲಿ ಎದುರಿಗೆ ಜೀಪು ಬಂತಂತೆ. ಪಕ್ಕಕ್ಕೆ ಸರಿದಾಗ ರಸ್ತೆ ಬದಿಯ ಕಲ್ಲಿಗೆ ರಿಮ್ ಉಜ್ಜಿಕೊಂಡಿತ್ತು. ಒಂದು ಗೇಣು ಉದ್ದದ ಗೀರು. ಅದರ ಮೇಲೆ ಉಗುರು ಎಳೆದು ನೋಡಿದೆ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಬಟ್ಟೆಯಲ್ಲಿ ಒರೆಸಿ "ಮೇಲಿನ ಲ್ಯಾಕರ್ ಲೇಪ ಮಾತ್ರ ಹೋಗಿದೆ, ಓಡಿಸಿ" ಅಂದೆ. ಎರಡು ವಾರಕ್ಕೆ ಅವರು ಮತ್ತೆ ಬಂದರು. ಟೈರಿನ ಗಾಳಿ ದಿನಾ ಇಳಿಯುತ್ತಿದೆ ಅಂದರು. ಗೀರಿನಿಂದ ನಾಲ್ಕು ಬೆರಳು ಆಚೆ, ಸ್ಪೋಕ್ ರಿಮ್ ಒಳಗೆ ಹೋಗುವ ಕಡೆ, ಸೀಲಂಟ್ (ಟ್ಯೂಬ್ ಇಲ್ಲದ ಟೈರಿನೊಳಗೆ ಸಣ್ಣ ತೂತು ಮುಚ್ಚಲು ಹಾಕುವ ದ್ರವ) ಬಿಳಿ ಹನಿಯಾಗಿ ಒಣಗಿ ನಿಂತಿತ್ತು. ಅಕ್ಕಿಕಾಳಿನಷ್ಟು. ಟೈರ್ ಬಿಚ್ಚಿ ಟೇಪ್ ಎಳೆದರೆ ಒಳಮೈಯಲ್ಲಿ ಕೂದಲೆಳೆಯಂಥ ಬಿರುಕು. ಸ್ಪೋಕ್ ತೂತಿನಿಂದ ಶುರುವಾಗಿ ಟೈರ್ ಕೂರುವ ಅಂಚಿನ ಕಡೆಗೆ ಹೊರಟಿತ್ತು. ಅದರ ಚೂಪು ಟೇಪನ್ನೂ ಕೊಯ್ದಿತ್ತು.

ಆ ಎರಡು ವಾರದಲ್ಲಿ ಅವರು ಅದೇ ಚಕ್ರದಲ್ಲಿ ಚಾರ್ಮಾಡಿ ಘಾಟಿ ಇಳಿದಿದ್ದರು. ದೇವರ ದಯೆ, ಏನೂ ಆಗಲಿಲ್ಲ. ಆದರೆ "ಓಡಿಸಿ" ಅಂದವನು ನಾನು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಾನು ತಪ್ಪಿದ್ದು ಎಲ್ಲಿ ಅಂದರೆ, ಗೀರನ್ನು ನೋಡಿದೆ, ಪೆಟ್ಟನ್ನು ನೋಡಲಿಲ್ಲ. ಕಾರ್ಬನ್ ರಿಮ್‌ನಲ್ಲಿ ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಎಪಾಕ್ಸಿ ರೆಸಿನ್‌ನಲ್ಲಿ ಹಿಡಿದಿಟ್ಟು, ಅಚ್ಚಿನಲ್ಲಿ ಬಿಸಿ ಮಾಡಿ ಗಟ್ಟಿ ಮಾಡಿರುತ್ತಾರೆ. ಅಲ್ಯೂಮಿನಿಯಂ ರಿಮ್ ಕಲ್ಲಿಗೆ ಬಡಿದರೆ ಡೊಂಕಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಹಾಗಲ್ಲ. ಪೆಟ್ಟು ಬಿದ್ದಾಗ ಒಳಕ್ಕೆ ಬಾಗಿ ಮತ್ತೆ ಮೊದಲಿನ ಆಕಾರಕ್ಕೇ ಬಂದು ನಿಲ್ಲುತ್ತದೆ. ಒಳಗೆ ಮಾತ್ರ ಹಾಳೆ ಹಾಳೆ ಬಿಟ್ಟುಕೊಂಡಿರಬಹುದು. ಅದಕ್ಕೇ ಇನ್ನು ನಮ್ಮ ಮೊದಲ ಪ್ರಶ್ನೆ "ಹೇಗಾಯ್ತು?" ಅಂತ. ನಿಂತ ಸೈಕಲ್ ಗೋಡೆಗೆ ಒರಗಿ ಜಾರಿದ್ದಾ, ಗುಂಡಿಗೆ ಇಳಿದು ಟಕ್ ಅಂತ ಸದ್ದು ಬಂತಾ, ಬಿದ್ದಿರಾ? ದಯವಿಟ್ಟು ನಿಜ ಹೇಳಿ. ನಾವು ಬೈಯುವುದಿಲ್ಲ.

ಎರಡನೆಯದು ಜಾಗ. ರಿಮ್ ಪಕ್ಕದ ಗೋಡೆಯ ನಡುವೆ ಲ್ಯಾಕರ್ ಮೇಲಷ್ಟೇ ಬಿದ್ದ ಗೀರು, ಪೆಟ್ಟು ಇಲ್ಲದಿದ್ದರೆ, ಬಹುಪಾಲು ನೋಟಕ್ಕೆ ಮಾತ್ರ ಕೆಟ್ಟದ್ದು. ಅದೇ ಗೀರು ಟೈರ್ ಕೂರುವ ಅಂಚಿನಲ್ಲಿದ್ದರೆ ಲೆಕ್ಕ ಬೇರೆ. ಗಾಳಿ ತುಂಬಿದ ಟೈರ್ ಆ ಅಂಚನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಹುಕ್‌ಲೆಸ್ ರಿಮ್ (ಅಂಚಿನಲ್ಲಿ ಟೈರ್ ಹಿಡಿಯುವ ಕೊಕ್ಕೆ ಇಲ್ಲದ್ದು) ಇರುವವರಂತೂ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ಮಿತಿಯನ್ನು ಯಾವತ್ತೂ ದಾಟಬೇಡಿ. ರಿಮ್ ಅಥವಾ ಟೈರ್ ಮೇಲೆ ಅದಕ್ಕಿಂತ ಕಡಿಮೆ ಬರೆದಿದ್ದರೆ ಅದೇ ಮಿತಿ. ಸ್ಪೋಕ್ ತೂತಿನ ಸುತ್ತಲೂ ಹೀಗೇ: ಸ್ಪೋಕ್‌ಗಳು ಹೆಚ್ಚು ಬಿಗಿಯಾಗಿರುವ ಬದಿಯಲ್ಲಿ ಒಂದೊಂದು ಸ್ಪೋಕ್ 100 ಕಿಲೋ ಆಸುಪಾಸಿನ ಬಲದಲ್ಲಿ ಎಳೆಯುತ್ತಿರುತ್ತದೆ. ಇನ್ನು ರಿಮ್ ಬ್ರೇಕ್ ಸೈಕಲ್‌ಗಳು, ಅಂದರೆ ಬ್ರೇಕ್ ಪ್ಯಾಡ್ ರಿಮ್ ಮೇಲೇ ಉಜ್ಜುವಂಥವು. ಮುಳ್ಳಯ್ಯನಗಿರಿ 1,930 ಮೀಟರ್, ನಮ್ಮ ಚಿಕ್ಕಮಗಳೂರು ಸುಮಾರು 1,090. ಅಷ್ಟೂ ಇಳಿತವನ್ನು ಬ್ರೇಕ್ ಹಿಡಿದೇ ಇಳಿದರೆ ರಿಮ್ ಕಾಯುತ್ತದೆ, ಜಾಸ್ತಿ ಕಾದರೆ ರೆಸಿನ್ ಮೆತ್ತಗಾಗುತ್ತದೆ. ಬ್ರೇಕ್ ಪ್ಯಾಡ್ ಉಜ್ಜುವ ಪಟ್ಟಿಯಲ್ಲಿ ಎಳೆ ಕಿತ್ತ ಗೀರಿದ್ದರೆ ಆ ಚಕ್ರಕ್ಕೆ ನಾವು ಹೂಂ ಅನ್ನುವುದಿಲ್ಲ. ಅದರಲ್ಲಿ ಎರಡು ಮಾತಿಲ್ಲ.

ಆ ಎರಡು ದಿನ ಏನು ಮಾಡುತ್ತೇವೆ ಅಂದರೆ, ಮೊದಲು ಸೋಪು ನೀರಲ್ಲಿ ತೊಳೆದು ಒಣಗಿಸುತ್ತೇವೆ. ಕತ್ತಲೆ ಕೋಣೆಯಲ್ಲಿ ಟಾರ್ಚ್ ಅನ್ನು ಓರೆಯಾಗಿ ಹಿಡಿದು ಸುತ್ತ ನೋಡುತ್ತೇವೆ. ನೇರ ಬೆಳಕಿನಲ್ಲಿ ಕಾಣದ ಬಿರುಕು ಓರೆ ಬೆಳಕಿನಲ್ಲಿ ನೆರಳು ಕೊಡುತ್ತದೆ. ಹತ್ತಿಯ ಉಂಡೆ ಸವರುತ್ತೇವೆ, ಎಳೆ ಕಿತ್ತಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ನಾಣ್ಯದಿಂದ ತಟ್ಟುವುದು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ಕೇಳುತ್ತೇವಲ್ವಾ, ಹಾಗೇ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ, ಹಾಳೆ ಬಿಟ್ಟ ಕಡೆ ದೊಬ್ ಅಂತ ಸದ್ದು ಸತ್ತುಹೋಗುತ್ತದೆ. ವಾಲ್ವ್ ಮತ್ತು ಸ್ಪೋಕ್ ತೂತಿನ ಹತ್ತಿರ ರಿಮ್ ದಪ್ಪ ಇರುವುದರಿಂದ ಅಲ್ಲಿ ಸದ್ದು ಹೇಗೂ ಬದಲಾಗುತ್ತದೆ. ಅದಕ್ಕೆ ಎದುರು ಬದಿಯ ಅಂಥದೇ ಜಾಗಕ್ಕೆ ಹೋಲಿಸಿ ಕೇಳಬೇಕು. ಕಿವಿಗೆ ಇದು ಬರಲು ನನಗೆ ವರ್ಷಗಳೇ ಹಿಡಿದವು. ಕೊನೆಗೆ ಗೀರಿನ ಅಕ್ಕಪಕ್ಕದ ಸ್ಪೋಕ್‌ಗಳ ಬಿಗಿ ಅಳೆದು, ಚಕ್ರ ಹೊಸದಾಗಿ ಓಲುತ್ತಿದೆಯಾ ಅಂತ ನೋಡುತ್ತೇವೆ.

ಇಷ್ಟು ಮಾಡಿದರೂ ಎಲ್ಲ ಬಿರುಕೂ ಸಿಕ್ಕಿಬಿಡುತ್ತದೆ ಅಂತಲ್ಲ. ವಿಮಾನದ ಭಾಗಗಳನ್ನು ನೋಡುವ ಅಲ್ಟ್ರಾಸೌಂಡ್ ಯಂತ್ರ ನಮ್ಮಲ್ಲಿಲ್ಲ. ಹಾಗಾಗಿ ಅನುಮಾನ ಉಳಿದರೆ "ಬೇಡ" ಅಂತಲೇ ಬರೆಯುತ್ತೇವೆ. ಸೈಕಲ್ಲಿನ ಮುಂದಿನ ಚಕ್ರದ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಹಿಂದಿನದು ಕೈಕೊಟ್ಟರೆ ಹೇಗೋ ನಿಲ್ಲಿಸಬಹುದು, ಮುಂದಿನದು ಕೈಕೊಟ್ಟರೆ ನೇರ ಮುಖದ ಮೇಲೆ. "ಬೇಡ" ಅಂದ ಚಕ್ರಕ್ಕೆ ಟೈರ್ ಹಾಕಿ ಕೊಡುವುದಿಲ್ಲ, ತೇಪೆಯನ್ನೂ ಹಾಕುವುದಿಲ್ಲ. ದುಬಾರಿ ಸಾಮಾನು, ಹೊಟ್ಟೆ ಉರಿಯುತ್ತದೆ, ಗೊತ್ತು. ಕೆಲವು ತಯಾರಕರು ಬಿದ್ದು ಹಾಳಾದ ಚಕ್ರದ ಬದಲಿಗೆ ಕಡಿಮೆ ಬೆಲೆಗೆ ಹೊಸದು ಕೊಡುತ್ತಾರೆ. ಬಿಲ್ ಇಟ್ಟುಕೊಂಡಿದ್ದರೆ ನಮ್ಮ ವರದಿ, ಫೋಟೊ ಸೇರಿಸಿ ಅವರಿಗೆ ಬರೆಯಲು ನಾವೇ ಸಹಾಯ ಮಾಡುತ್ತೇವೆ.

ತರುವ ಮೊದಲು ಗೀರನ್ನು ಉಪ್ಪುಕಾಗದದಲ್ಲಿ ಉಜ್ಜಬೇಡಿ. ಅದು ಒಳ್ಳೆಯ ಎಳೆಯನ್ನೂ ಕೊಯ್ಯುತ್ತದೆ, ಆ ಪುಡಿ ಉಸಿರಿಗೂ ಕೆಟ್ಟದ್ದು. ಸೂಪರ್ ಗ್ಲೂ, ನೇಲ್ ಪಾಲಿಶ್ ಹಚ್ಚಿ ಮುಚ್ಚಲೂ ಬೇಡಿ. ಬರಿಗೈಯಲ್ಲಿ ಸವರಬೇಡಿ, ಸಿಬಿರು ಹೊಕ್ಕರೆ ತೆಗೆಯುವುದು ಕಷ್ಟ.

ಇನ್ನೊಂದು ಮಾತು ಇದೆ. ಈ ಹಿಂದೆ ನಮ್ಮ ಕೌಂಟರ್‌ನಲ್ಲಿ "ಪರವಾಗಿಲ್ಲ" ಅನ್ನಿಸಿಕೊಂಡು ಹೋದ ಚಕ್ರ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಮತ್ತೆ ತನ್ನಿ. ಅವುಗಳಿಗೆ 400 ರೂಪಾಯಿ ಇಲ್ಲ. ಟೇಪ್, ಸೀಲಂಟ್ ಖರ್ಚೂ ನಮ್ಮದೇ. ಚಕ್ರ ನಮ್ಮಲ್ಲಿರುವ ಎರಡು ದಿನ ಓಡಿಸಲು ಅಂಗಡಿಯ ಅಲ್ಯೂಮಿನಿಯಂ ಚಕ್ರ ಕೊಡುತ್ತೇವೆ. ತಂದು ತೋರಿಸುವವರೆಗೆ ಆ ಚಕ್ರ ಹಾಕಿದ ಸೈಕಲ್ ತೆಗೆದುಕೊಂಡು ಮುಳ್ಳಯ್ಯನಗಿರಿ ದಾರಿಯ ಕೈಮರ ದಾಟಿ ಮೇಲೆ ಹೋಗಬೇಡಿ.

ಇಂತಿ,
ನಿಮ್ಮ ಸೈಕಲ್ ಅಂಗಡಿಯವರು
ಚಿಕ್ಕಮಗಳೂರು