ಜಂಗು ಹಿಡಿದ ನಟ್ಟಿಗೆ ಪೈಪು ಬೇಡ, ಹಿಂದಿನ ರಾತ್ರಿ ಎಣ್ಣೆ ಬಿಡಿ

ಮಾನ್ಯ ಸಂಪಾದಕರೇ,

ಮಿರಗದ (ಮೃಗಶಿರ) ಮಳೆ ಹತ್ತಿರ ಬಂದಿದೆ. ಕಳೆದ ಹಂಗಾಮಿನಿಂದ ಬೇವಿನ ಗಿಡದ ಬುಡದಲ್ಲಿ ನಿಂತಿದ್ದ ಕಲ್ಟಿವೇಟರ್, ಕೂರಿಗೆ, ಕುಂಟೆಗಳನ್ನು ತೊಗರಿ, ಹೆಸರು, ಉದ್ದು ಬಿತ್ತುವವರು ಈಗ ಹೊರಗೆಳೆಯುತ್ತಿದ್ದಾರೆ. ಮಣ್ಣು ಸೀಳುವ ಕುಡ ಸವೆದಿದ್ದರೆ ಅದನ್ನು ಬದಲಿಸಲು ಕೂತಾಗಲೇ ಮೊದಲ ತೊಡಕು: ಜಂಗು, ಅಂದರೆ ತುಕ್ಕು ಹಿಡಿದ ನಟ್ಟು ಅಲುಗುವುದಿಲ್ಲ. ಪಾನಾದ (ಸ್ಪ್ಯಾನರಿನ) ಹಿಡಿಗೆ ಎರಡಡಿ ಪೈಪು ತೂರಿಸಿ ಇಬ್ಬರು ಜೋತುಬೀಳುತ್ತಾರೆ. ಬೋಲ್ಟು ತುಂಡಾಗುತ್ತದೆ, ಇಲ್ಲವೇ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಆಮೇಲೆ ವೆಲ್ಡಿಂಗ್ ಅಂಗಡಿಯ ಮುಂದೆ ಸರದಿ. ಅಲ್ಲಿ ಕಾಯುವಷ್ಟರಲ್ಲಿ ಹೊಲದ ಹದ ಆರಿಹೋಗುತ್ತದೆ. ಒಂದು ಸಣ್ಣ ಬಾಟಲಿ ತೆಳು ಎಣ್ಣೆ, ಒಂದು ತಂತಿ ಬ್ರಷ್ಷು ಮತ್ತು ಒಂದು ರಾತ್ರಿ ಇದ್ದರೆ ಇದರಲ್ಲಿ ಬಹುಪಾಲು ತಪ್ಪುತ್ತದೆ. ಬಿತ್ತನೆ ಶುರುವಾಗುವ ಮೊದಲೇ ಈ ಮಾತು ರೈತರಿಗೆ ಮುಟ್ಟಲಿ ಎಂದು ಈ ಪತ್ರ.

ನಟ್ಟು ಹಿಡಿದುಕೊಳ್ಳುವುದು ಹೇಗೆಂದು ತಿಳಿದರೆ ಬಿಡಿಸುವ ದಾರಿಯೂ ತಿಳಿಯುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿದ್ದುದಕ್ಕಿಂತ ಎರಡು ಮೂರು ಪಟ್ಟು ಜಾಗ ಬೇಡುತ್ತದೆ. ನಮ್ಮ ಕಡೆ ಚೂಡಿ ಎನ್ನುವ ಥ್ರೆಡ್ಡಿನ ಸಂದಿಯಲ್ಲಿ ಆ ಜಾಗವಿಲ್ಲ. ಹಾಗಾಗಿ ತುಕ್ಕು ಒಳಗಿನಿಂದಲೇ ಬೆಣೆ ಬಡಿದಂತೆ ನಟ್ಟು ಬೋಲ್ಟುಗಳನ್ನು ಬಿಗಿಯುತ್ತದೆ. ನಮ್ಮ ಕರಿ ಎರೆ ಮಣ್ಣು ಅಂಟಿದರೆ ಬಿಡದು, ತೇವವನ್ನೂ ಬೇಗ ಬಿಟ್ಟುಕೊಡದು. ಅದಕ್ಕಿಂತ ಕೆಟ್ಟದ್ದು ಗೊಬ್ಬರದ ಪೆಟ್ಟಿಗೆ ಇರುವ ಟ್ರ್ಯಾಕ್ಟರ್ ಕೂರಿಗೆ. ಯೂರಿಯಾ ಗಾಳಿಯ ತೇವ ಹೀರಿ ಕರಗುತ್ತದೆ. ಪೊಟ್ಯಾಶ್ ಎಂದು ಮಾರುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಒಡಹುಟ್ಟು. ಪೆಟ್ಟಿಗೆ ತೊಳೆಯದೆ ನಿಲ್ಲಿಸಿದ ಕೂರಿಗೆಯ ಬೋಲ್ಟು ಒಂದೇ ಮಳೆಗಾಲದಲ್ಲಿ ಗುರುತು ಸಿಗದಷ್ಟು ತಿಂದುಹೋಗಿರುತ್ತದೆ. ಶಹಾಪುರ, ಸುರಪುರದ ಕಾಲುವೆ ನೀರಿನ ಭತ್ತದ ಗದ್ದೆಗಳಲ್ಲಿ ಸವಳು ಏರಿದ ಕಡೆಯೂ ಇದೇ ಕಥೆ.

ಸೇಡಂ, ವಾಡಿ, ಚಿತ್ತಾಪುರದ ಸಿಮೆಂಟು ಧೂಳು, ಶಹಾಬಾದ್ ಕಲ್ಲಿನ ಪಾಲಿಶ್ ಘಟಕಗಳ ಸುಣ್ಣದ ಕೆಸರು ಬೇರೆಯೇ ಜಾತಿ. ಅಲ್ಲಿ ನಟ್ಟನ್ನು ಹಿಡಿದಿರುವುದು ಬರೀ ತುಕ್ಕಲ್ಲ, ಚೂಡಿಯಲ್ಲಿ ಗಟ್ಟಿಯಾದ ಗಾರೆ. ಎಣ್ಣೆಯಿಂದ ಗಾರೆ ಕರಗದು. ಅಂಥ ಕಡೆ ಮೊದಲು ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಒಂದು ತಾಸು ಸುತ್ತಿಡಬೇಕು. ನಂತರ ತಂತಿ ಬ್ರಷ್ಷಿನಿಂದ ತಿಕ್ಕಿ, ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲಷ್ಟೇ ಎಣ್ಣೆಗೆ ಕೈ ಹಾಕಬೇಕು. ಸಂದಿಯಲ್ಲಿ ನೀರು ನಿಂತಿದ್ದರೆ ಎಣ್ಣೆಗೆ ದಾರಿ ಸಿಗುವುದಿಲ್ಲ. ಕಕ್ಕಸು ತೊಳೆಯುವ ಆಸಿಡ್ ಮಾತ್ರ ಬೇಡ. ಅದು ಗಾರೆಯನ್ನೇನೋ ಕರಗಿಸುತ್ತದೆ, ಆದರೆ ಚೂಡಿಯೊಳಗೆ ಉಳಿದು ವಾರದೊಳಗೆ ಹೊಸ ಜಂಗು ತರುತ್ತದೆ.

ಇನ್ನು ಎಣ್ಣೆ. ಕಂದೀಲಿನ ಬತ್ತಿಯಲ್ಲಿ ಎಣ್ಣೆ ತಾನೇ ಏರುವುದನ್ನು ನೋಡಿದವರಿಗೆ ಈ ಕೆಲಸ ಅರ್ಥವಾಗುತ್ತದೆ. ಕೂದಲೆಳೆಯಷ್ಟು ಸಂದಿಯಲ್ಲೂ ತೆಳು ಎಣ್ಣೆ ತಾನಾಗಿ ಎಳೆದುಕೊಂಡು ಹೋಗುತ್ತದೆ. ದಪ್ಪ ಎಣ್ಣೆ ಬಾಗಿಲಲ್ಲೇ ನಿಲ್ಲುತ್ತದೆ. ಆದ್ದರಿಂದ ಗ್ರೀಸ್, ಕೊಬ್ಬರಿ ಎಣ್ಣೆ, ಟ್ರ್ಯಾಕ್ಟರಿನಿಂದ ಇಳಿಸಿದ ಕರಿ ಆಯಿಲ್ ಹಚ್ಚಿ ಕಾಯುವುದು ವ್ಯರ್ಥ. ಅಂಗಡಿಯಲ್ಲಿ ಎಲ್ಲರೂ ಕೇಳುವುದು ಡಬ್ಲ್ಯೂಡಿ-40. ಅದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಲೋಹದಿಂದ ನೀರು ದೂಡಲೆಂದು ತಯಾರಾದದ್ದು. ನಲವತ್ತನೇ ಪ್ರಯತ್ನಕ್ಕೆ ಕೈಗೂಡಿದ್ದರಿಂದ ಆ ಹೆಸರು. ಮೇಲ್ಮೇಲಿನ ಜಂಗಿಗೆ ಅದು ಸಾಕು. ವರ್ಷಗಟ್ಟಲೆ ಮಳೆ ಬಿಸಿಲಿಗೆ ಬಿದ್ದ ನಟ್ಟಿಗಾದರೆ, ಡಬ್ಬಿಯ ಮೇಲೆ ಪೆನಟ್ರೇಟಿಂಗ್ ಆಯಿಲ್ ಅಥವಾ ರಸ್ಟ್ ರಿಲೀಸ್ ಎಂದು ಬರೆದಿರುವುದನ್ನೇ ಕೇಳಿ ತನ್ನಿ.

ಅದು ಸಿಗದ ಹಳ್ಳಿಯಲ್ಲಿ ಡೀಸೆಲ್ ನಾಲ್ಕು ಪಾಲಿಗೆ ಹೊಸ ಎಂಜಿನ್ ಆಯಿಲ್ ಒಂದು ಪಾಲು ಬೆರೆಸಿದರೆ ಕೆಲಸ ನಡೆಯುತ್ತದೆ. ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ. ಅಸಿಟೋನ್ ಎಂಬ ತೆಳು ದ್ರಾವಕ ಮತ್ತು ಪವರ್ ಸ್ಟೇರಿಂಗಿಗೆ ಹಾಕುವ ಎಟಿಎಫ್ ಆಯಿಲ್ ಸಮ ಸಮ ಬೆರೆಸಿದ್ದು ಇದಕ್ಕಿಂತ ಚುರುಕು. ಆದರೆ ಎರಡೂ ಬೇರೆಯಾಗಿ ನಿಲ್ಲುವುದರಿಂದ ಪ್ರತಿ ಸಲ ಬಾಟಲಿ ಕುಲುಕಬೇಕು. ಅಸಿಟೋನ್ ಬಣ್ಣ ತಿನ್ನುತ್ತದೆ, ಎಷ್ಟೋ ಬಗೆಯ ಪ್ಲಾಸ್ಟಿಕ್ ಕರಗಿಸುತ್ತದೆ, ಕಿಡಿ ಕಂಡರೆ ಭಗ್ಗೆನ್ನುತ್ತದೆ. ಬೀಡಿ ಸೇದುತ್ತಾ ಮುಟ್ಟುವ ವಸ್ತುವಲ್ಲ. ಪೆಟ್ರೋಲನ್ನಂತೂ ಈ ಕೆಲಸಕ್ಕೆ ಯಾರೂ ಬಳಸಬಾರದು.

ಎಣ್ಣೆ ಬಿಡಲು ಸಂಜೆಯೇ ಸರಿ. ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಕಬ್ಬಿಣ ಕೈ ಸುಡುವಷ್ಟು ಕಾದಿರುತ್ತದೆ. ಎಣ್ಣೆಯನ್ನು ತೆಳುವಾಗಿಸುವ ಅಂಶ ಒಳಗಿಳಿಯುವ ಮೊದಲೇ ಆವಿಯಾಗಿ ಹೋಗುತ್ತದೆ.

ಕಲ್ಟಿವೇಟರಿನ ಒಂದು 12 ಎಂ.ಎಂ. ಬೋಲ್ಟನ್ನೇ ತೆಗೆದುಕೊಳ್ಳಿ. ನಟ್ಟಿನ ಎತ್ತರ ಸುಮಾರು 10 ಮಿ.ಮೀ., ಚೂಡಿಯಿಂದ ಚೂಡಿಗೆ 1.75 ಮಿ.ಮೀ. ಅಂದರೆ ಒಳಗೆ ಹೆಚ್ಚೂಕಡಿಮೆ ಆರು ಸುತ್ತು. ಆ ಸುತ್ತುಗಳನ್ನು ದಾರದಂತೆ ಬಿಚ್ಚಿ ಚಾಚಿದರೆ ಸುಮಾರು 20 ಸೆಂ.ಮೀ. ಉದ್ದ. ತುಕ್ಕು ತುಂಬಿದ ಅಷ್ಟು ದಾರಿಯನ್ನು ಎಣ್ಣೆ ಐದು ನಿಮಿಷದಲ್ಲಿ ದಾಟಲಿ ಎಂದು ಬಯಸುವುದರಲ್ಲೇ ನಾವು ಎಡವುತ್ತೇವೆ. ನಟ್ಟಿನಿಂದ ಹೊರಗೆ ಚಾಚಿದ ಚೂಡಿಯನ್ನು ಮೊದಲು ತಂತಿ ಬ್ರಷ್ಷಿನಿಂದ ಹೊಳಪು ಕಾಣುವ ತನಕ ತಿಕ್ಕಿ. ಈ ಕೆಲಸ ಬಿಟ್ಟರೆ, ಹೊರಬರುವ ನಟ್ಟು ಆ ಜಂಗಿನ ಮೇಲೇ ಮತ್ತೆ ಸಿಕ್ಕಿಕೊಳ್ಳುತ್ತದೆ. ನಂತರ ಚೂಡಿ ನಟ್ಟಿನೊಳಗೆ ಹೊಗುವ ಅಂಚಿಗೆ ನಾಲ್ಕೈದು ಹನಿ, ನಟ್ಟು ವಾಷರ್ ಕೂಡುವ ಕಡೆ ನಾಲ್ಕೈದು ಹನಿ ಬಿಡಿ. ನಟ್ಟಿನ ನೆತ್ತಿ ಮೇಲೆ ಸುರಿದದ್ದು ನೆಲಕ್ಕೆ ಹೋಗುತ್ತದೆ ಅಷ್ಟೆ. ಅರ್ಧ ಕಿಲೋ ಸುತ್ತಿಗೆಯಿಂದ ನಟ್ಟಿನ ಆರೂ ಮೈಗೆ ಎರಡೆರಡು ಸಣ್ಣ ಏಟು ಕೊಡಿ. ಎದುರು ಮೈಗೆ ಇನ್ನೊಂದು ಸುತ್ತಿಗೆ ಒತ್ತಿ ಹಿಡಿದರೆ ಏಟು ವ್ಯರ್ಥವಾಗದು. ಏಟಿಗೆ ತುಕ್ಕು ಬಿರಿಯುತ್ತದೆ, ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ಅರ್ಧ ತಾಸು ಬಿಟ್ಟು ಮತ್ತೆ ಎಣ್ಣೆ, ಮತ್ತೆ ಏಟು. ಹೀಗೆ ಮೂರು ಸಲ ಮಾಡಿ ರಾತ್ರಿ ಬಿಟ್ಟುಬಿಡಿ. ಅಡ್ಡ ಮಲಗಿದ ಬೋಲ್ಟಿನಲ್ಲಿ ಎಣ್ಣೆ ನಿಲ್ಲದಿದ್ದರೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಪಟ್ಟಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ. ಒಂಬತ್ತು ಕುಡದ ಕಲ್ಟಿವೇಟರಿನ ಹದಿನೆಂಟು ನಟ್ಟಿಗೆ ಮೂರು ಸಲ ಬಿಟ್ಟರೂ 30 ಮಿ.ಲೀ. ಎಣ್ಣೆ ದಾಟದು. ದುಬಾರಿ ಎಂದು ಹಿಂಜರಿಯುವ ಕೆಲಸವೇ ಅಲ್ಲ.

ಮರುದಿನ ಪಾನಾ ಹಾಕುವಾಗ ಮೊದಲು ಬಿಗಿಯುವ ಕಡೆಗೆ ಕೂದಲಷ್ಟು ತಿರುಗಿಸಿ ನೋಡಿ. ಬಿಡಿಸಬೇಕಾದದ್ದನ್ನು ಬಿಗಿಯುವುದೇಕೆ ಎಂದು ಎಲ್ಲರೂ ಕೇಳುತ್ತಾರೆ. ಜಂಗಿನ ಹಿಡಿತ ಮುರಿಯಲು ಯಾವ ಕಡೆ ಅಲುಗಿದರೂ ಸರಿ, ಒಂದು ಸಲ ಅಲುಗಿದರೆ ಎಣ್ಣೆಗೆ ದಾರಿ ತೆರೆಯಿತು. ಆಮೇಲೆ ಕಾಲು ಸುತ್ತು ಬಿಚ್ಚಿ, ಅದರರ್ಧ ಹಿಂದಕ್ಕೆ ತಿರುಗಿಸಿ, ಎರಡು ಹನಿ ಬಿಟ್ಟು ಮತ್ತೆ ಮುಂದಕ್ಕೆ. ಕಿರ್ರೆಂದು ಸದ್ದು ಬಂದರೆ ಚೂಡಿ ಹರಿಯುತ್ತಿದೆ ಎಂದರ್ಥ, ಅಲ್ಲಿಗೆ ನಿಲ್ಲಿಸಿ ಎಣ್ಣೆ ಬಿಡಬೇಕು. ರಬ್ಬರಿನಂತೆ ಎಳೆಯುತ್ತಾ ತಿರುಗಿದರೆ ಬೋಲ್ಟೇ ನುಲಿಯುತ್ತಿದೆ. ಇನ್ನೊಂದು ಎಳೆತಕ್ಕೆ ಅದು ತುಂಡು. ಹಳೆಯ ಕೈಗಳು ಈ ಎರಡರ ವ್ಯತ್ಯಾಸವನ್ನು ಹಿಡಿಯಲ್ಲೇ ಗುರುತಿಸುತ್ತವೆ. ಹೊಸಬರು ಒಂದೆರಡು ಗುಜರಿ ಬೋಲ್ಟುಗಳ ಮೇಲೆ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು.

ಪಾನಾ ರಿಂಗ್ ಆಗಿರಬೇಕು, ಇಲ್ಲವೇ ಆರು ಮೂಲೆಯ ಸಾಕೆಟ್. ಸ್ಕ್ರೂ ಪಾನಾ, ಬಾಯಿ ಅಗಲಿಸಿದ ಹಳೆಯ ಡಬಲ್ ಎಂಡ್ ಪಾನಾ ಎರಡು ಮೂಲೆ ಮಾತ್ರ ಹಿಡಿದು ಜಾರುತ್ತವೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 10 ಎಂ.ಎಂ. ಬೋಲ್ಟಿಗೆ 17ರ ಪಾನಾ, 12ಕ್ಕೆ 19, 16ಕ್ಕೆ 24 ಹತ್ತುತ್ತದೆ. ಊರ ಕೈಪಂಪಿನ ಫ್ಲ್ಯಾಂಜಿನ ಬೋಲ್ಟಿಗೂ 19ರದ್ದೇ. ಪೈಪು ಏಕೆ ಬೇಡವೆಂದರೆ ಲೆಕ್ಕ ಹೀಗಿದೆ: ಗಟ್ಟಿತನದ ಗುರುತಾಗಿ 8.8 ಎಂದು ತಲೆ ಮೇಲೆ ಬರೆದ 10 ಎಂ.ಎಂ. ಬೋಲ್ಟನ್ನು ಬಿಗಿಯಲು 45ರಿಂದ 50 ನ್ಯೂಟನ್ ಮೀಟರ್ ತಿರುಗಿಸುವ ಬಲ ಸಾಕು. ಎರಡಡಿ ಪೈಪಿನ ತುದಿಗೆ ಬರೀ 20 ಕಿಲೋ ಭಾರ ಬಿಟ್ಟರೂ ಅದು 120ರ ಹತ್ತಿರ ಹೋಗುತ್ತದೆ. ಇಬ್ಬರು ಜೋತುಬಿದ್ದರೆ ಬೋಲ್ಟು ಉಳಿಯುವುದು ಹೇಗೆ?

ಎಣ್ಣೆಗೂ ಜಗ್ಗದಿದ್ದರೆ ಶಾಖ. ಬಿಸಿ ಮಾಡಬೇಕಾದ್ದು ನಟ್ಟನ್ನು, ಬೋಲ್ಟನ್ನಲ್ಲ. 16 ಎಂ.ಎಂ. ನಟ್ಟು 200 ಡಿಗ್ರಿ ಹೆಚ್ಚು ಕಾದರೆ ಅದರ ತೂತು 0.04 ಮಿ.ಮೀ.ನಷ್ಟು ಹಿಗ್ಗುತ್ತದೆ. ಕಣ್ಣಿಗೆ ಕಾಣದಿದ್ದರೂ ತುಕ್ಕು ಬಿರಿಯಲು ಅಷ್ಟು ಸಾಕು. ಬಿಸಿ ನಟ್ಟಿನ ಅಂಚಿಗೆ ಮೇಣದ ಬತ್ತಿ ಮುಟ್ಟಿಸಿದರೆ ಮೇಣ ಕರಗಿ ಚೂಡಿಯೊಳಗೆ ಇಳಿಯುತ್ತದೆ. ಆದರೆ ಎಣ್ಣೆ ಬಿಟ್ಟ ಮೇಲೆ ಅದನ್ನು ಒರೆಸಿ ಒಣಗಿಸದೆ ಬೆಂಕಿ ತರಬಾರದು. ಟೈರು ಕೂತಿರುವ ಚಕ್ರದ ನಟ್ಟು, ಡೀಸೆಲ್ ಟ್ಯಾಂಕ್, ಬ್ಯಾಟರಿ, ಹೈಡ್ರಾಲಿಕ್ ಹೋಸ್, ಬೇರಿಂಗಿನ ಹತ್ತಿರ ಗ್ಯಾಸ್ ಕಟರ್ ಹಚ್ಚುವುದು ಜೀವಕ್ಕೇ ಕುತ್ತು. ಕಾದ ಟೈರು ಬಾಂಬಿನಂತೆ ಸಿಡಿಯುತ್ತದೆ. ಜಿಂಕ್ ಲೇಪದ ಬೋಲ್ಟು ಕಾದಾಗ ಏಳುವ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಕೆಂಪಗೆ ಕಾದ 8.8 ಬೋಲ್ಟಿನ ಗಟ್ಟಿತನ ಹೋಗಿರುತ್ತದೆ, ಅದನ್ನು ಮತ್ತೆ ಹಾಕಬೇಡಿ.

ಕೆಲವು ಕಡೆ ಎಣ್ಣೆಯಿಂದ ಏನೂ ಆಗದು. ಒಳಗೆ ನೈಲಾನ್ ಉಂಗುರವಿರುವ ನಟ್ಟನ್ನು ಹಿಡಿದಿರುವುದು ನೈಲಾನ್. ಕೆಂಪು ಥ್ರೆಡ್ ಲಾಕ್ ಅಂಟು ಹಚ್ಚಿದ್ದರೆ 250 ಡಿಗ್ರಿಯಷ್ಟು ಶಾಖ ಕಾಣದೆ ಅದು ಮೆತ್ತಗಾಗದು. ಕುಡದ ಬೋಲ್ಟಿನ ತಲೆ ಕೆಳಗಿನ ಚೌಕ ಕತ್ತು ಸವೆದಿದ್ದರೆ ನಟ್ಟಿನ ಜೊತೆ ಬೋಲ್ಟೂ ಸುತ್ತುತ್ತದೆ. ಆಗ ಹಟ ಬೇಡ. ನಟ್ಟಿನ ಒಂದು ಮೈಗೆ ಬೋಲ್ಟಿನ ಉದ್ದಕ್ಕೆ ಸಮವಾಗಿ ಹ್ಯಾಕ್‌ಸಾ ಹಾಕಿ, ಚೂಡಿ ಮುಟ್ಟುವ ಮೊದಲೇ ನಿಲ್ಲಿಸಿ, ಸೀಳಿಗೆ ಚಾಣ ಇಟ್ಟು ಒಂದೇಟು ಕೊಟ್ಟರೆ ನಟ್ಟು ಸೀಳುತ್ತದೆ. ಉಲ್ಟಾ ಚೂಡಿ ಇದೆಯೇ ಎಂದೂ ಮೊದಲೇ ನೋಡಿಕೊಳ್ಳಿ. ಸೈಕಲ್ಲಿನ ಎಡ ಪೆಡಲ್, ಬೆಂಚ್ ಗ್ರೈಂಡರಿನ ಎಡ ಕಲ್ಲಿನ ನಟ್ಟು ಬಿಚ್ಚುವುದು ಬಲಕ್ಕೆ.

ಬೋರ್‌ವೆಲ್ಲಿನಿಂದ ನೀರು ಮೇಲೆ ತರುವ ಕಾಲಂ ಪೈಪು ಬಿಚ್ಚುವವರಿಗೆ ಒಂದು ಕಳಕಳಿಯ ಮಾತು. ಕೇಸಿಂಗಿನ ಬಾಯಿ ಮೇಲೆಯೇ ಸಾಕೆಟ್ಟಿಗೆ ಡೀಸೆಲ್ ಸುರಿಯಬೇಡಿ. ಕೆಳಗಿಳಿದದ್ದು ಕುಡಿಯುವ ನೀರಿಗೆ ಸೇರುತ್ತದೆ. ಎರಡು ಸುತ್ತಿಗೆಯಿಂದ ಸಾಕೆಟ್ಟಿನ ಎದುರುಬದುರು ಒಟ್ಟಿಗೇ ಬಡಿದರೆ ಎಷ್ಟೋ ಸಲ ಎಣ್ಣೆಯೇ ಬೇಕಾಗದು. ಬೇಕೇ ಆದರೆ ಪೈಪನ್ನು ನೆಲಕ್ಕೆ ಇಳಿಸಿದ ಮೇಲೆ ಎಣ್ಣೆ ಬಿಡಿ, ಮತ್ತೆ ಬೋರ್‌ವೆಲ್ಲಿನೊಳಗೆ ಬಿಡುವ ಮೊದಲು ಒರೆಸಿ ತೊಳೆಯಿರಿ. ಬ್ರೇಕಿನ ಡ್ರಮ್ಮು, ಲೈನಿಂಗ್ ಹತ್ತಿರವೂ ಸ್ಪ್ರೇ ಹೊಡೆಯಬಾರದು.

ಕೆಳಗೆ ಕೂತು ಕೆಲಸ ಮಾಡುವಾಗ ಟ್ರ್ಯಾಕ್ಟರಿನ ಹೈಡ್ರಾಲಿಕ್ ಎತ್ತಿ ಹಿಡಿದಿದೆ ಎಂದು ನಂಬಬೇಡಿ, ಸಲಕರಣೆಯ ಕೆಳಗೆ ಮರದ ದಿಮ್ಮಿ ಕೊಡಿ. ಸುತ್ತಿಗೆ ಏಟಿಗೆ ಜಂಗಿನ ಚೂರು ಕಣ್ಣಿಗೆ ಸಿಡಿಯುತ್ತದೆ, ಕನ್ನಡಕ ಹಾಕಿಕೊಳ್ಳಿ. ಪಾನಾವನ್ನು ಆದಷ್ಟು ನಮ್ಮ ಕಡೆಗೆ ಎಳೆಯಬೇಕು. ದೂಡಲೇಬೇಕಾದರೆ ಮುಷ್ಟಿ ಬಿಚ್ಚಿ ಅಂಗೈಯಿಂದ ದೂಡಿ. ಜಾರಿದರೆ ಗೆಣ್ಣಿನ ಚರ್ಮ ಉಳಿಯುತ್ತದೆ.

ಕವಡಿಮಟ್ಟಿ, ಬೀದರ, ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಬೀಜ, ಗೊಬ್ಬರ, ಕೀಟದ ತರಬೇತಿಗಳು ನಡೆಯುತ್ತವೆ. ಮಿರಗಕ್ಕೆ ಮೊದಲು ಅರ್ಧ ದಿನವನ್ನು ಸಲಕರಣೆ ಬಿಚ್ಚಿ ಜೋಡಿಸುವುದಕ್ಕೂ ಕೊಡಲಿ, ತಾಲ್ಲೂಕಿನ ಐಟಿಐ ಮಕ್ಕಳು ಬಂದು ಕೈಯಾರೆ ಮಾಡಿ ತೋರಿಸಲಿ. ಕೃಷಿ ಯಂತ್ರಧಾರೆ ಕೇಂದ್ರಗಳು ಬಾಡಿಗೆಗೆ ಕೊಡುವ ಪ್ರತಿ ಸಲಕರಣೆಯ ಜೊತೆ 17, 19, 24ರ ರಿಂಗ್ ಪಾನಾ ಮತ್ತು 100 ಮಿ.ಲೀ. ತೆಳು ಎಣ್ಣೆಯ ಬಾಟಲಿ ಕಳಿಸಬೇಕು. ಸಲಕರಣೆ ಮರಳಿ ಬಂದಾಗ ಗೊಬ್ಬರದ ಪೆಟ್ಟಿಗೆ ತೊಳೆದು ಒಣಗಿದೆಯೇ, ಬೋಲ್ಟಿನ ಚೂಡಿಗೆ ಗ್ರೀಸ್ ಹಚ್ಚಿದೆಯೇ ಎಂದು ನೋಡಿಯೇ ಒಳಗೆ ಸೇರಿಸಿಕೊಳ್ಳಬೇಕು. ಜಂಗು ಬಿಡಿಸಲು ಕೆಲಸಕ್ಕೆ ಬಾರದ ಗ್ರೀಸ್, ಜಂಗು ಹಿಡಿಯದಂತೆ ಕಾಯಲು ಬೇಕಾದದ್ದು. ಗ್ರೀಸ್ ಹಚ್ಚಿದ ಬೋಲ್ಟು ಅದೇ ಬಲಕ್ಕೆ ಹೆಚ್ಚು ಬಿಗಿಯುತ್ತದೆ, ಆದ್ದರಿಂದ ಒಣ ಬೋಲ್ಟಿಗಿಂತ ಕಾಲು ಭಾಗ ಕಡಿಮೆ ಬಲ ಹಾಕಿ. ಟ್ರ್ಯಾಕ್ಟರ್, ಟ್ರಾಲಿ ಚಕ್ರದ ನಟ್ಟಿಗೆ ಮಾತ್ರ, ಕಂಪನಿಯ ಪುಸ್ತಕದಲ್ಲಿ ಹೇಳದ ಹೊರತು, ಗ್ರೀಸ್ ಹಚ್ಚಬೇಡಿ.

– ಕೃಷಿ ಸಲಕರಣೆ ದುರಸ್ತಿಗಾರರು, ಜೇವರ್ಗಿ, ಕಲಬುರಗಿ ಜಿಲ್ಲೆ